ಪೆನ್‌ಡ್ರೈವಿಗೂ ಟಿವಿಗೂ ಜಾತಕ ಕೂಡಿಬರಲಿ

ಮದುವೆಯ ವಿಡಿಯೊ ಇರಲಿ, ಇಡೀ ರಾತ್ರಿಯ ಯಕ್ಷಗಾನವಿರಲಿ, ಫೋನಿನಲ್ಲಿ ಸಲೀಸಾಗಿ ಓಡುವ ಫೈಲು ಟಿವಿಗೆ ಹಾಕಿದ ಕೂಡಲೇ ಮೊಂಡು ಹಿಡಿಯುವುದೇಕೆ? ತಪ್ಪು ಫೈಲಿನದಲ್ಲ, ರಿಮೋಟ್ ಹಿಡಿದವರದೂ ಅಲ್ಲ.

ಮದುವೆ ಮುಗಿದು ಒಂದೆರಡು ತಿಂಗಳಿಗೆ ಫೋಟೊದವರು ದಪ್ಪ ಆಲ್ಬಮ್ಮಿನ ಜೊತೆ ಒಂದು ಪೆನ್‌ಡ್ರೈವನ್ನೂ ಕೈಗಿಡುತ್ತಾರೆ. ಹಿಂದೆ ಕ್ಯಾಸೆಟ್ ಕೊಡುತ್ತಿದ್ದರು, ಆಮೇಲೆ ಸಿಡಿ, ಡಿವಿಡಿ; ಈಗ ಇದು. ಭಾನುವಾರ ಊಟವಾದ ಮೇಲೆ ಮನೆಮಂದಿ, ಬೀಗರು, ಪಕ್ಕದ ಮನೆಯವರೆಲ್ಲ ಹಾಲ್‌ನಲ್ಲಿ ಸೇರಿ ಟಿವಿಗೆ ಅದನ್ನು ಸಿಕ್ಕಿಸಿದರೆ ತಕರಾರು ಶುರು. ಒಂದು ಫೈಲಿನಲ್ಲಿ ಧಾರೆ ಎರೆಯುವುದು ಕಾಣುತ್ತದೆ, ಓಲಗದ ಸದ್ದಿಲ್ಲ. ಇನ್ನೊಂದರಲ್ಲಿ ಓಲಗ ಕೇಳುತ್ತದೆ, ಪರದೆ ಕಪ್ಪು. ಸೋದರಮಾವ ಮೊಬೈಲಿನಲ್ಲಿ ಹಿಡಿದದ್ದರಲ್ಲಿ ವಧುವರರು ಅಡ್ಡಡ್ಡ ಮಲಗಿದ್ದಾರೆ. ನಾಲ್ಕನೆಯದನ್ನು ತೋರಿಸಲು ಆಗುವುದೇ ಇಲ್ಲ ಎಂದು ಟಿವಿ ಕೈ ತೊಳೆದುಕೊಳ್ಳುತ್ತದೆ. "ಇಷ್ಟು ದುಡ್ಡು ಸುರಿದು ತಂದ ಟಿವಿ ಕೆಟ್ಟುಹೋಯ್ತೇನೋ" ಎಂದು ಅಜ್ಜಿ, "ಫೋಟೊದವನೇ ಸರಿಯಿಲ್ಲ" ಎಂದು ಬೀಗರು. ಅದೇ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿದರೆ ನಾಲ್ಕೂ ಚೆನ್ನಾಗಿಯೇ ಓಡುತ್ತವೆ.

ಟಿವಿಯೂ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಎರಡರ ಜಾತಕ ಕೂಡಿಬಂದಿಲ್ಲ, ಅಷ್ಟೇ. ಒಂದೆರಡು ಕೂಟ ಸರಿಯಿದ್ದರೆ ಸಾಲದು. ಚಿತ್ರ, ಧ್ವನಿ, ಫೈಲಿನ ಹೊರಮೈ, ಪೆನ್‌ಡ್ರೈವಿನ ಫಾರ್ಮ್ಯಾಟ್ ಎಲ್ಲವೂ ಹೊಂದಬೇಕು. ಈ ಹೊಂದಾಣಿಕೆಯ ಬಹುಪಾಲು ಟಿವಿ ಕಾರ್ಖಾನೆ ಬಿಡುವ ಮೊದಲೇ ನಿರ್ಧಾರವಾಗಿರುತ್ತದೆ. ಆದ್ದರಿಂದ ಅದನ್ನು ವಿಚಾರಿಸಬೇಕಾದ್ದು ಟಿವಿ ಮನೆಗೆ ಬರುವ ಮುಂಚೆ.

ಹೊರಗೊಂದು ಹೆಸರು, ಒಳಗೆ ಹಲವು ಸಂಗತಿ

ಫುಲ್ ಎಚ್‌ಡಿ ಚಿತ್ರವೆಂದರೆ ಅಗಲಕ್ಕೆ 1,920, ಎತ್ತರಕ್ಕೆ 1,080 ಚುಕ್ಕೆಗಳು. ಒಟ್ಟು 20 ಲಕ್ಷಕ್ಕೂ ಹೆಚ್ಚು. ಒಂದೊಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್, ಸೆಕೆಂಡಿಗೆ 24 ಚಿತ್ರ ಎಂದು ಲೆಕ್ಕ ಹಾಕಿದರೆ ಎರಡು ಗಂಟೆಯ ಸಿನಿಮಾ 1,000 ಜಿಬಿ ದಾಟುತ್ತದೆ. ನಮ್ಮ ಕೈಗೆ ಬರುವ ಫೈಲು 2 ಜಿಬಿ. ಅಂದರೆ 500ರಲ್ಲಿ ಒಂದು ಪಾಲಿಗೆ ಅದನ್ನು ಕುಗ್ಗಿಸಿದ್ದಾರೆ. ಛತ್ರದ ಹಿಂದಿನ ಹೂವಿನ ಅಲಂಕಾರ ಕದಲುವುದಿಲ್ಲವಲ್ಲ, ಅದನ್ನು ಒಮ್ಮೆ ಬರೆದಿಟ್ಟುಕೊಂಡರೆ ಸಾಕು. ಮುಂದಿನ ಚಿತ್ರಗಳಲ್ಲಿ ಪುರೋಹಿತರ ಕೈ ಆಡಿದ್ದಷ್ಟನ್ನೇ ದಾಖಲಿಸಿದರಾಯಿತು. ಹೀಗೆ ಕುಗ್ಗಿಸಿ, ನೋಡುವಾಗ ಮತ್ತೆ ಬಿಡಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ.

ಡಿವಿಡಿಯ ಕಾಲದ್ದು ಎಂಪೆಗ್-2. 2003ರಲ್ಲಿ ಬಂದ ಎಚ್.264 ಇವತ್ತಿಗೂ ಎಲ್ಲರಿಗೂ ಆಗಿಬರುವಂಥದ್ದು. 2013ರ ಎಚ್.265 ಸುಮಾರು ಅರ್ಧ ಜಾಗದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ. ಎಚ್‌ಇವಿಸಿ ಎಂದರೂ ಇದೇ. 2018ರಲ್ಲಿ ಎವಿ1 ಸೇರಿಕೊಂಡಿತು. ಧ್ವನಿಗೂ ಇಂಥವೇ ಬೇರೆ ಬೇರೆ ಇವೆ: ಎಂಪಿ3, ಎಎಸಿ, ಡಾಲ್ಬಿ, ಡಿಟಿಎಸ್.

ಚಿತ್ರ, ಧ್ವನಿ, ಸಬ್‌ಟೈಟಲ್ ಇವನ್ನೆಲ್ಲ ಕಟ್ಟಿಡುವ ಹೊರಮೈಗೆ ಕಂಟೇನರ್ ಎಂದು ಹೆಸರು. ಫೈಲಿನ ಹೆಸರಿನ ಕೊನೆಗೆ ಬರುವ ಎವಿಐ, ಎಂಪಿ4, ಎಂಕೆವಿ ಅದನ್ನಷ್ಟೇ ಹೇಳುತ್ತವೆ. ಎರಡು ಎಂಪಿ4 ಫೈಲುಗಳಲ್ಲಿ ಒಂದರೊಳಗೆ ಎಚ್.264, ಇನ್ನೊಂದರೊಳಗೆ ಎಚ್.265 ಇರಬಹುದು. ಹಳೆಯ ಟಿವಿ ಮೊದಲನೆಯದನ್ನು ಓಡಿಸಿ ಎರಡನೆಯದಕ್ಕೆ ತಲೆಯಾಡಿಸಿದರೆ, "ಎರಡೂ ಎಂಪಿ4 ತಾನೆ?" ಎಂಬ ನಮ್ಮ ಪ್ರಶ್ನೆಗೆ ಅರ್ಥವಿಲ್ಲ. ಐಫೋನುಗಳು 2017ರ ಐಓಎಸ್ 11ರಿಂದ, ನಾವು ಹೇಳದೆಯೇ, ಎಚ್.265ರಲ್ಲಿ ಚಿತ್ರೀಕರಿಸುತ್ತವೆ. ಅಮೆರಿಕದಿಂದ ಬಂದ ಮಗ ಹಿಡಿದ ವಿಡಿಯೊ ಊರಿನ ಹಳೆಯ ಟಿವಿಯಲ್ಲಿ ಕಪ್ಪು ಪರದೆಯಾಗುವುದು ಬಹಳ ಸಲ ಇದಕ್ಕೇ. ವಧುವರರು ಅಡ್ಡ ಮಲಗಿದ್ದಕ್ಕೆ ಕಾರಣ ಬೇರೆ. ಫೋನು ಚಿತ್ರವನ್ನು ತಿರುಗಿಸಿ ಬರೆಯುವುದಿಲ್ಲ. 'ತೋರಿಸುವಾಗ ತಿರುಗಿಸಿಕೋ' ಎಂಬ ಸೂಚನೆಯನ್ನು ಫೈಲಿನಲ್ಲಿಟ್ಟಿರುತ್ತದೆ. ಅನೇಕ ಟಿವಿಗಳು ಆ ಸೂಚನೆಯನ್ನು ಓದುವುದಿಲ್ಲ.

ಲ್ಯಾಪ್‌ಟಾಪಿಗೆ ಈ ಕಷ್ಟ ಯಾಕಿಲ್ಲ? ಅಲ್ಲಿ ಕೋಡೆಕ್ ಬಿಡಿಸುವುದು ಸಾಫ್ಟ್‌ವೇರ್ ಮಾಡಬಹುದಾದ ಕೆಲಸ. ಹೊಸ ಬಗೆಯ ಫೈಲು ಬಂದರೆ ಹೊಸ ಸಾಫ್ಟ್‌ವೇರ್ ಹಾಕಿಕೊಂಡರಾಯಿತು. ಟಿವಿಯೊಳಗಿನ ಪ್ರೊಸೆಸರ್ ಬಡಪಾಯಿ. ಅಷ್ಟು ಲೆಕ್ಕ ಮಾಡುವ ಶಕ್ತಿ ಅದಕ್ಕಿಲ್ಲ. ಆ ಕೆಲಸಕ್ಕೆಂದೇ ಚಿಪ್‌ನಲ್ಲಿ ಬೇರೆ ಸರ್ಕ್ಯೂಟ್ ಕೂರಿಸಿರುತ್ತಾರೆ. ಯಾವ ಕೋಡೆಕ್‌ಗೆ ಸರ್ಕ್ಯೂಟ್ ಇದೆಯೋ ಅದು ಓಡುತ್ತದೆ, ಇಲ್ಲದ್ದನ್ನು ಮುಂದೆ ಯಾವ ಅಪ್‌ಡೇಟ್ ಹಾಕಿದರೂ ತಂದುಕೊಡುವುದು ಕಷ್ಟ.

ಸದ್ದಿಲ್ಲದ ಚಿತ್ರ, ಲೈಸೆನ್ಸಿನ ಲೆಕ್ಕ

ಚಿತ್ರ ಬಂದು ಧ್ವನಿ ಬರದಿದ್ದರೆ ಬಹುಮಟ್ಟಿಗೆ ಅದು ದುಡ್ಡಿನ ವಿಷಯ. ಡಿಟಿಎಸ್ ಧ್ವನಿ ಥಿಯೇಟರಿಗೆ ಬಂದದ್ದು 1993ರಲ್ಲಿ, 'ಜುರಾಸಿಕ್ ಪಾರ್ಕ್' ಜೊತೆ. ಮುಂದೆ ಅದು ಡಿವಿಡಿ, ಬ್ಲೂ-ರೇಗಳಿಗೂ ಇಳಿಯಿತು. ಅದನ್ನು ಬಿಡಿಸುವ ಪ್ರತಿ ಯಂತ್ರಕ್ಕೂ ತಯಾರಕರು ಹಕ್ಕುದಾರರಿಗೆ ಲೈಸೆನ್ಸ್ ಹಣ ಕೊಡಬೇಕು. ಸ್ಯಾಮ್ಸಂಗ್ 2018ರ ಟಿವಿಗಳಿಂದ ಡಿಟಿಎಸ್ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಅದೇ ದಾರಿ ಹಿಡಿದು, 2023ರಲ್ಲಿ ಕೆಲವು ಮಾದರಿಗಳಿಗೆ ಮರಳಿ ತಂದಿತು. ಹಾಗಾಗಿ ಹಳೆಯ ಟಿವಿಯಲ್ಲಿ ಗುಡುಗುತ್ತಿದ್ದ ಫೈಲು ಅದಕ್ಕಿಂತ ದುಬಾರಿಯ ಹೊಸ ಟಿವಿಯಲ್ಲಿ ಮೂಕವಾಗಬಹುದು. ಹೊಸದೆಂದರೆ ಎಲ್ಲದರಲ್ಲೂ ಮುಂದು ಎಂಬ ನಮ್ಮ ನಂಬಿಕೆಗೆ ಇಲ್ಲಿ ಏಟು ಬೀಳುತ್ತದೆ.

ಫೋನಿನಲ್ಲಿ ಎಂಎಕ್ಸ್ ಪ್ಲೇಯರ್ ಬಳಸಿದವರಿಗೆ ಇದು ಹೊಸತಲ್ಲ. ಅದರಲ್ಲೂ ಲೈಸೆನ್ಸಿನ ಕಾರಣಕ್ಕೆ ಒಂದು ಹಂತದಲ್ಲಿ ಕೆಲವು ಧ್ವನಿ ಕೋಡೆಕ್‌ಗಳು ನಿಂತುಹೋದವು. ಹುಡುಗರು 'ಕಸ್ಟಮ್ ಕೋಡೆಕ್' ಹುಡುಕಿ ಹಾಕಿಕೊಂಡು ಸದ್ದು ವಾಪಸ್ ತಂದುಕೊಂಡರು. ಟಿವಿಯ ಸ್ವಂತ ಪ್ಲೇಯರಿಗೆ ಹಾಗೆ ಹೊರಗಿನದನ್ನು ಸೇರಿಸಲು ಬರುವುದಿಲ್ಲ. ಎಚ್.265 ಹರಡುವುದು ತಡವಾದದ್ದಕ್ಕೂ ಪೇಟೆಂಟಿನ ಗೋಜಲೇ ದೊಡ್ಡ ಕಾರಣ: ಹಣ ಕೇಳುವ ಪೇಟೆಂಟ್ ಕೂಟಗಳು ಒಂದಲ್ಲ, ಹಲವು ಹುಟ್ಟಿಕೊಂಡವು. ಗೂಗಲ್, ಅಮೆಜಾನ್, ನೆಟ್‌ಫ್ಲಿಕ್ಸ್ ಮೊದಲಾದವರು 2015ರಲ್ಲಿ ಒಕ್ಕೂಟ ಕಟ್ಟಿ, ರಾಯಲ್ಟಿ ಬೇಡದ ಎವಿ1 ರೂಪಿಸಿದ್ದು ಇದಕ್ಕೆ ಬೇಸತ್ತು.

ಇಡೀ ರಾತ್ರಿಯ ಆಟಕ್ಕೆ 4 ಜಿಬಿ ಸಾಲದು

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸುವುದಕ್ಕೆ ಯಕ್ಷಗಾನ ದೊಡ್ಡ ನೆಪ. ಎಷ್ಟೋ ಊರುಗಳಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು. ಅಲ್ಲಿ ಪೇಟೆಗೆ ಹೋದವರು ಡೌನ್‌ಲೋಡ್ ಮಾಡಿ ತಂದದ್ದೇ ಮನೆಯ ಪ್ರಸಾರ. ಇಡೀ ರಾತ್ರಿಯ ಪ್ರಸಂಗವೊಂದು ಎಂಟು ಗಂಟೆ ನಡೆಯಿತು ಎನ್ನಿ. ಎಚ್‌ಡಿಯಲ್ಲಿ ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಹಿಡಿದರೆ 18 ಜಿಬಿ ಆಗುತ್ತದೆ. ಅಂಗಡಿಯಿಂದ ತಂದ ಸಣ್ಣ ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಇರುವ ಫಾರ್ಮ್ಯಾಟು ಫ್ಯಾಟ್32. ಅದರಲ್ಲಿ ಒಂದು ಫೈಲಿಗೆ 4 ಜಿಬಿಗಿಂತ ಹೆಚ್ಚು ಜಾಗ ಸಿಗದು. 32 ಜಿಬಿ ಖಾಲಿ ಬಿದ್ದಿದ್ದರೂ 5 ಜಿಬಿಯ ಫೈಲನ್ನು ಕಂಪ್ಯೂಟರ್ ಒಳಗೆ ಬಿಡುವುದಿಲ್ಲ. ಫೈಲಿನ ಅಳತೆ ಬರೆಯಲು ಅಲ್ಲಿ 32 ಬಿಟ್ ಮಾತ್ರ ಇಟ್ಟಿದ್ದಾರೆ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆಯೇ ಸುಮಾರು 429 ಕೋಟಿ.

ಇದೇ ಕಾರಣಕ್ಕೆ ಅನೇಕ ಕ್ಯಾಮೆರಾಗಳು ತಾವಾಗಿಯೇ 4 ಜಿಬಿಗೊಮ್ಮೆ ಫೈಲನ್ನು ತುಂಡರಿಸುತ್ತವೆ. ಮೇಲೆ ಹೇಳಿದ ಲೆಕ್ಕದಲ್ಲಿ ಎರಡು ಗಂಟೆಗೆ ಕೆಲವೇ ನಿಮಿಷ ಕಡಿಮೆ ಇರುವಾಗ ಒಂದು ತುಂಡು ಮುಗಿಯುತ್ತದೆ. ಕ್ಯಾಮೆರಾಕ್ಕೆ ಪ್ರಸಂಗದ ಹದ ಗೊತ್ತಿಲ್ಲ. ಭಾಗವತರು ಪದ ಎತ್ತಿದ್ದಾರೆ, ವೇಷಧಾರಿ ಧಿಗಿಣಕ್ಕೆ ಅಣಿಯಾಗಿದ್ದಾನೆ, ಅಷ್ಟರಲ್ಲಿ ಟಿವಿ ಮತ್ತೆ ಫೈಲುಗಳ ಪಟ್ಟಿ ತೋರಿಸುತ್ತದೆ.

ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಈ ಮಿತಿ ಇಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಯುತ್ತದೆ, ಮೊದಲು ಬೇರೆಡೆ ಇಳಿಸಿಕೊಳ್ಳಬೇಕು. ಮೈಕ್ರೊಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟದ್ದು 2019ರಲ್ಲಿ; ಹೀಗಾಗಿ ಹಳೆಯ ಟಿವಿಗಳಲ್ಲಿ ಅದು ಇರಲೂಬಹುದು, ಇಲ್ಲದಿರಲೂಬಹುದು. ಮ್ಯಾಕ್ ಕಂಪ್ಯೂಟರಿನ ಸ್ವಂತ ಫಾರ್ಮ್ಯಾಟಿನಲ್ಲಿದ್ದರೆ ಟಿವಿ ಪೆನ್‌ಡ್ರೈವನ್ನು ಕಂಡರೂ ಕಾಣದಂತೆ ಇರುತ್ತದೆ. ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗ ಟಿಕ್ ಟಿಕ್ ಸದ್ದು ಮಾಡಿ ನಿಂತರೆ ಫಾರ್ಮ್ಯಾಟನ್ನು ದೂರಬೇಡಿ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿ ಆಂಪಿಯರ್ ಕರೆಂಟು, ಡಿಸ್ಕಿಗೆ ಅದು ಸಾಲದೆ ಇರಬಹುದು. ಇನ್ನೂ ಹಳೆಯ ಕೆಲವು ಟಿವಿಗಳಲ್ಲಿ ಯುಎಸ್‌ಬಿ ಕಿಂಡಿ ಇದ್ದದ್ದು ರಿಪೇರಿಯವರಿಗಾಗಿ ಮಾತ್ರ, ಪಕ್ಕದಲ್ಲಿ 'ಸರ್ವಿಸ್' ಎಂದು ಬರೆದಿರುತ್ತದೆ.

ಮೂರು ಡಿಸ್ಕಿನ ಸಿನಿಮಾದಿಂದ ಇಲ್ಲಿಯವರೆಗೆ

ಪ್ಲೇಯರಿಗೂ ಫೈಲಿಗೂ ಹೊಂದದ ಈ ಕಥೆ ಟಿವಿಗೆ ಯುಎಸ್‌ಬಿ ಬರುವ ಮೊದಲಿನದು. 1993ರಲ್ಲಿ ರೂಪುಗೊಂಡ ವಿಸಿಡಿಯ ಚಿತ್ರ, ನಮ್ಮ ಪಾಲ್ ಪದ್ಧತಿಯಲ್ಲಿ, 352 ಅಡ್ಡ 288 ಚುಕ್ಕೆ ಅಷ್ಟೇ. ಒಂದು ಡಿಸ್ಕಿಗೆ 74 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನಿಮಾ ಎರಡು ಡಿಸ್ಕಿನಲ್ಲಿ ಹಿಡಿಸದೆ ಮೂರನೆಯದಕ್ಕೆ ಚಾಚುತ್ತಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ ಮಾರತೊಡಗಿದಾಗ ಬಾಡಿಗೆ ಲೈಬ್ರರಿಗಳ ಗಿರಾಕಿಗಳು ಸ್ವಂತಕ್ಕೇ ಕೊಳ್ಳುವಂತಾದರು.

ಅತ್ತ ಫ್ರಾನ್ಸಿನ ಜೆರೋಮ್ ರೋಟಾ ಮೈಕ್ರೊಸಾಫ್ಟಿನ ಕೋಡೆಕ್ ಒಂದನ್ನು ಬಿಚ್ಚಿ ಬದಲಾಯಿಸಿ ಡಿವ್‌ಎಕ್ಸ್ ಮಾಡಿದ್ದರು. ಡಿವಿಡಿಯ ಇಡೀ ಸಿನಿಮಾ 700 ಎಂಬಿಗೆ ಇಳಿದು ಒಂದು ಸಿಡಿಯಲ್ಲಿ ಕೂತಿತು. ಸ್ವಲ್ಪ ಕಾಲಕ್ಕೆ ಡಿವಿಡಿ ಪ್ಲೇಯರುಗಳ ಮೂತಿಯ ಮೇಲೆ ಡಿವ್‌ಎಕ್ಸ್ ಮುದ್ರೆ, ಪಕ್ಕದಲ್ಲಿ ಯುಎಸ್‌ಬಿ ಕಿಂಡಿ ಕಾಣಿಸಿದವು. ಇದೇ ಹೊತ್ತಿಗೆ ನಮ್ಮ ಬಸ್‌ಸ್ಟ್ಯಾಂಡುಗಳ ಪಕ್ಕದ ಮೊಬೈಲ್ ಅಂಗಡಿಗಳು ಹಾಡು, ಸಿನಿಮಾ, ನಾಟಕಗಳನ್ನು ಮೆಮೊರಿ ಕಾರ್ಡಿಗೆ ತುಂಬಿಸಿಕೊಡುವ ದಂಧೆ ಹಿಡಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಆ ಅಂಗಡಿಗಳು ಸ್ಕ್ರೀನ್‌ಗಾರ್ಡ್ ಅಂಟಿಸುವುದಕ್ಕೆ ಹೊರಳಿದವು.

ಯಾವ ಫೈಲು ಕೊಟ್ಟರೂ ಓಡಿಸುವ ವಿಎಲ್‌ಸಿ ಹುಟ್ಟಿದ್ದು ಪ್ಯಾರಿಸ್ಸಿನ ಇಕೋಲ್ ಸೆಂಟ್ರಾಲ್ ಕಾಲೇಜಿನಲ್ಲಿ, 1996ರ ವಿದ್ಯಾರ್ಥಿ ಯೋಜನೆಯಾಗಿ. ಹಾಸ್ಟೆಲಿನ ನೆಟ್‌ವರ್ಕಿನಲ್ಲಿ ಟಿವಿ ನೋಡಬೇಕೆಂಬ ಆಸೆ ಅದರ ಮೂಲ. 2001ರಲ್ಲಿ ಅದನ್ನು ಮುಕ್ತ ತಂತ್ರಾಂಶವಾಗಿ ಬಿಟ್ಟರು. 2025ರ ಆರಂಭಕ್ಕೆ ಡೌನ್‌ಲೋಡ್ 600 ಕೋಟಿ ದಾಟಿತೆಂದು ಅದರ ತಂಡ ಸಾರಿತು. 2022ರಲ್ಲಿ ಭಾರತದಲ್ಲಿ ಹಲವು ತಿಂಗಳು ಅದರ ಜಾಲತಾಣ ತೆರೆಯುತ್ತಿರಲಿಲ್ಲ. ಕಾನೂನು ನೋಟಿಸಿನ ನಂತರ ನವೆಂಬರಿನಲ್ಲಿ ತಡೆ ತೆರವಾಯಿತು. ಈಗ ಅದು ಆಂಡ್ರಾಯ್ಡ್ ಟಿವಿಗೂ ಇದೆ, ಉಚಿತ. ಟಿವಿಯ ಸ್ವಂತ ಪ್ಲೇಯರ್ ಕೈಚೆಲ್ಲಿದ ಎಷ್ಟೋ ಫೈಲುಗಳ ಧ್ವನಿಯನ್ನು ಅದು ಎಬ್ಬಿಸುತ್ತದೆ. ಟಿವಿ ಆಂಡ್ರಾಯ್ಡ್‌ನದಾಗಿದ್ದರೆ ಮೊದಲು ಮಾಡಬೇಕಾದ ಪ್ರಯೋಗ ಇದೇ.

ಒತ್ತಕ್ಷರ ಕಳಚಿಬಿದ್ದಾಗ

ಎಂಕೆವಿ ಫೈಲಿನಲ್ಲಿ ಒಂದಕ್ಕಿಂತ ಹೆಚ್ಚು ಧ್ವನಿಪಟ್ಟಿ ಇರುವುದುಂಟು. ತೆಲುಗಿನಲ್ಲಿ ಶುರುವಾದರೆ ರಿಮೋಟಿನ ಆಡಿಯೊ ಗುಂಡಿ ಒತ್ತಿ ನೋಡಿ, ಕನ್ನಡ ಒಳಗೇ ಕೂತಿರಬಹುದು. ಸಬ್‌ಟೈಟಲ್ ಬೇರೆ ಎಸ್‌ಆರ್‌ಟಿ ಫೈಲಾಗಿ ಬಂದಿದ್ದರೆ ಅದಕ್ಕೂ ವಿಡಿಯೊಗೂ ಒಂದೇ ಹೆಸರು, ಎರಡೂ ಒಂದೇ ಫೋಲ್ಡರಿನಲ್ಲಿರಬೇಕು.

ಕನ್ನಡ ಸಬ್‌ಟೈಟಲಿನ ಪಾಡು ಬೇರೆ. ಎಸ್‌ಆರ್‌ಟಿ ಬರಿಯ ಪಠ್ಯ. ಅದನ್ನು ಯುನಿಕೋಡಿನಲ್ಲಿ, ಯುಟಿಎಫ್-8 ಎಂದು ಉಳಿಸಿರಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಓಡುತ್ತವೆ. ಯುನಿಕೋಡ್ ಆಗಿದ್ದೂ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಸಾಲುಸಾಲು ಚೌಕಗಳು. ಫಾಂಟ್ ಇದ್ದೂ ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ, 'ಅಮ್ಮ' ಹೋಗಿ 'ಅಮ್‌ಮ' ಆಗುತ್ತದೆ. ಇದಕ್ಕೆ ಖಚಿತ ಪರಿಹಾರವೆಂದರೆ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚೊತ್ತಿ ಫೈಲನ್ನು ಹೊಸದಾಗಿ ಮಾಡಿಸುವುದು. ಆಮೇಲೆ ಅದನ್ನು ಆರಿಸಲು ಆಗದು, ಆದರೆ ಯಾವ ಟಿವಿಯೂ ಕೆಡಿಸದು.

ಓಡದಿದ್ದರೆ ಏನು ಮಾಡುವುದು?

ಎಲ್ಲಕ್ಕಿಂತ ಸುಲಭ ಎಚ್‌ಡಿಎಂಐ ಕೇಬಲ್. ಲ್ಯಾಪ್‌ಟಾಪು ಫೈಲನ್ನು ಬಿಡಿಸುತ್ತದೆ, ಟಿವಿ ಬರೀ ಪರದೆಯಾಗುತ್ತದೆ. ತಂತಿ ಹಾಲಿನ ನಡುವೆ ಎಳೆದಾಡುವುದು ಬಿಟ್ಟರೆ ಬೇರೆ ಕಿರಿಕಿರಿಯಿಲ್ಲ. ಹಳೆಯ ಟಿವಿಗೆ ಎಚ್‌ಡಿಎಂಐ ಇದ್ದರೆ ಆಂಡ್ರಾಯ್ಡ್ ಸ್ಟಿಕ್ ಅಥವಾ ಬಾಕ್ಸ್ ಸಿಕ್ಕಿಸಿ ಹೊಸ ಚಿಪ್‌ನ ಶಕ್ತಿ ತುಂಬಬಹುದು. ಟಿವಿ ಬದಲಾಯಿಸುವುದಕ್ಕಿಂತ ಅದು ಎಷ್ಟೋ ಅಗ್ಗ.

ಫೈಲು ಕಂಪ್ಯೂಟರಿನಲ್ಲೇ ಇದ್ದು ಮನೆಯ ವೈಫೈ ಮೂಲಕ ಟಿವಿಗೆ ಹರಿಸಲು ಡಿಎಲ್‌ಎನ್‌ಎ ಎಂಬ ಹಳೆಯ ಏರ್ಪಾಡಿದೆ. ವಿಂಡೋಸಿನಲ್ಲಿ 'ಮೀಡಿಯಾ ಸ್ಟ್ರೀಮಿಂಗ್' ಚಾಲೂ ಮಾಡಿದರೆ ಟಿವಿಯ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣುತ್ತದೆ. ಆದರೆ ಅಲ್ಲಿ ಕೋಡೆಕ್ ಬಿಡಿಸುವ ಹೊಣೆ ಹೆಚ್ಚಾಗಿ ಟಿವಿಯ ಮೇಲೇ ಬೀಳುತ್ತದೆ. ಪ್ಲೆಕ್ಸ್ ಅಥವಾ 2018ರ ಕೊನೆಯಲ್ಲಿ ಶುರುವಾದ ಮುಕ್ತ ತಂತ್ರಾಂಶ ಜೆಲಿಫಿನ್ ಹಾಗಲ್ಲ. ಟಿವಿಗೆ ಆಗದ ಫೈಲನ್ನು ಅವು ಓಡುತ್ತಿರುವಾಗಲೇ ಆಗುವಂತೆ ಬದಲಿಸಿ ಕಳಿಸುತ್ತವೆ. ಅದಕ್ಕೆ ಸ್ವಲ್ಪ ಗಟ್ಟಿ ಕಂಪ್ಯೂಟರ್ ಬೇಕು. ಫೋನಿನ 4ಕೆ ವಿಡಿಯೊ ನಿಂತು ನಿಂತು ಓಡಿದರೆ ವೈಫೈ ಕಡೆ ನೋಡಿ: ಐಫೋನಿನಲ್ಲಿ ಸೆಕೆಂಡಿಗೆ 60 ಚಿತ್ರದಂತೆ 4ಕೆಯಲ್ಲಿ ಹಿಡಿದರೆ ನಿಮಿಷಕ್ಕೆ ಸುಮಾರು 400 ಎಂಬಿ, ಅಂದರೆ ಸೆಕೆಂಡಿಗೆ 50 ಮೆಗಾಬಿಟ್ ಮೀರಿ ಹರಿಯಬೇಕು. ಗೋಡೆಯಾಚೆಯ ರೂಟರಿಗೆ ಇದು ಭಾರ. ಪೆನ್‌ಡ್ರೈವಿಗೆ ಭಾರವಲ್ಲ.

ಮತ್ತೆ ಮತ್ತೆ ನೋಡುವ ಫೈಲಾದರೆ ಒಮ್ಮೆ ಬದಲಿಸಿಟ್ಟುಕೊಳ್ಳುವುದೇ ಜಾಣತನ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್‌ಗೆ ಫೈಲು ಕೊಟ್ಟು, ಎಂಪಿ4 ಹೊರಮೈ, ಎಚ್.264 ಚಿತ್ರ, ಎಎಸಿ ಧ್ವನಿ ಆರಿಸಿದರೆ ಹತ್ತು ವರ್ಷದ ಹಳೆಯ ಟಿವಿಯೂ ತಕರಾರು ಮಾಡುವುದು ಅಪರೂಪ. ಧ್ವನಿಯೊಂದೇ ಹೊಂದದಿದ್ದರೆ ಇಡೀ ವಿಡಿಯೊವನ್ನು ಮತ್ತೆ ಕುಗ್ಗಿಸಬೇಕಿಲ್ಲ. ಎಫ್ಎಫ್‌ಎಂಪೆಗ್‌ನಂಥ ತಂತ್ರಾಂಶದಲ್ಲಿ ಚಿತ್ರವನ್ನು ಇದ್ದಂತೆಯೇ ಉಳಿಸಿಕೊಂಡು ಧ್ವನಿಯನ್ನಷ್ಟೇ ಬದಲಿಸಬಹುದು. ಕೆಲಸ ಕೆಲವೇ ನಿಮಿಷದ್ದು, ಚಿತ್ರದ ಗುಣ ಒಂದಿಷ್ಟೂ ಕೆಡದು. ಹೊಸ ಫೈಲು ಟಿವಿಯಲ್ಲಿ ಓಡಿದ್ದನ್ನು ನೋಡಿಯೂ ಮೂಲ ಫೈಲನ್ನು ಅಳಿಸಬೇಡಿ. ನೆಂಟರಿಂದ ವಿಡಿಯೊ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಎಂದು ಕಳಿಸಲು ಹೇಳಿ. 2 ಜಿಬಿವರೆಗೆ ಇದ್ದ ಹಾಗೇ ಬರುತ್ತದೆ. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಫೋನಿನಲ್ಲಿ ಚೆಂದ ಕಂಡದ್ದು 43 ಇಂಚಿನಲ್ಲಿ ಮಸುಕು.

ಡೌನ್‌ಲೋಡ್ ಆದರೂ ಕೈಗೆ ಸಿಗದ್ದು

ನೆಟ್‌ಫ್ಲಿಕ್ಸ್ 2016ರ ನವೆಂಬರಿನಲ್ಲಿ ಡೌನ್‌ಲೋಡ್ ಸೌಲಭ್ಯ ತಂದಿತು. ಇಂಥ ಬೇರೆ ಆ್ಯಪ್‌ಗಳಲ್ಲೂ ಅದಿದೆ. ಹಾಗಿದ್ದರೆ ಅದನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಯಲ್ಲಿ ನೋಡಬಹುದಲ್ಲ? ಆಗದು. ಅಲ್ಲಿ ಇಳಿಯುವುದು ಗೂಢಲಿಪಿಯ ಫೈಲು. ಬಿಡಿಸುವ ಕೀಲಿ ಆ್ಯಪ್‌ನ ಹಿಡಿತದಲ್ಲಿರುತ್ತದೆ, ಅವಧಿ ಮುಗಿದರೆ ಫೈಲು ಇದ್ದೂ ಇಲ್ಲದಂತೆ. ಎಚ್‌ಡಿಎಂಐ ಮೂಲಕ ಕಳಿಸಿದಾಗಲೂ ಒಮ್ಮೊಮ್ಮೆ ಪರದೆ ಕಪ್ಪಾಗುವುದಕ್ಕೆ ಎಚ್‌ಡಿಸಿಪಿ ಎಂಬ ರಕ್ಷಣೆ ಕಾರಣ. ಡಿಟಿಎಚ್ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಕೊಂಡ ಧಾರಾವಾಹಿಯೂ ಸಾಮಾನ್ಯವಾಗಿ ಅದೇ ಬಾಕ್ಸಿನಲ್ಲಿ ಮಾತ್ರ ಓಡುತ್ತದೆ.

ಇದಕ್ಕೆ ಸಿಟ್ಟಾಗಿ ಕದ್ದ ಪ್ರಿಂಟಿನ ಬೆನ್ನು ಹತ್ತುವವರಿದ್ದಾರೆ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆ ಥಿಯೇಟರಿನಲ್ಲಿ ಕ್ಯಾಮೆರಾ ಹಿಡಿಯುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಸಿನಿಮಾದ ನಿರ್ಮಾಣ ವೆಚ್ಚದ ಶೇ 5ರವರೆಗೂ ದಂಡ ವಿಧಿಸುತ್ತದೆ. ಕಾನೂನಿನ ಮಾತು ಬದಿಗಿಟ್ಟರೂ, ಸಣ್ಣ ಬಜೆಟ್ಟಿನ ಕನ್ನಡ ಸಿನಿಮಾಕ್ಕೆ ಮೊದಲ ವಾರದ ಗಳಿಕೆಯೇ ಜೀವ. ನ್ಯಾಯವಾಗಿ ಇಳಿಸಿಕೊಳ್ಳಬಹುದಾದದ್ದು ಕಡಿಮೆಯೇನಿಲ್ಲ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಎಂಜಿನಿಯರಿಂಗ್ ಪಾಠಗಳು ಡೌನ್‌ಲೋಡಿಗೆ ಸಿಗುತ್ತವೆ. ನೆಟ್‌ವರ್ಕ್ ಇಲ್ಲದ ಊರಿನ ವಿದ್ಯಾರ್ಥಿಗೆ ಮನೆಯ ಟಿವಿಯೇ ಕಪ್ಪುಹಲಗೆ. ನಮ್ಮದೇ ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಊರಿನ ತೇರು, ಅನುಮತಿ ಪಡೆದು ಹಿಡಿದ ಆಟ ಇವೆಲ್ಲ ಯಾವ ಕೀಲಿಯೂ ಇಲ್ಲದ ನಮ್ಮ ಫೈಲುಗಳು. ಯಾವ ಓಟಿಟಿಯಲ್ಲೂ ಇವು ಬರುವುದಿಲ್ಲ. ಟಿವಿಯಲ್ಲಿ ಫೈಲು ಓಡಬೇಕು ಎಂದು ಹಟ ಹಿಡಿಯಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಮೊದಲೇ ಕೇಳಿ

ಆದ್ದರಿಂದ ಎರಡು ಕಡೆ ಬಾಯಿ ಬಿಡಬೇಕು. ಮೊದಲನೆಯದು ಫೋಟೊದವರ ಹತ್ತಿರ, ಅದೂ ಅಡ್ವಾನ್ಸ್ ಕೊಡುವಾಗ: "ಟಿವಿಯಲ್ಲಿ ಓಡುವ ಹಾಗೆ ಎಂಪಿ4, ಎಚ್.264, ಎಎಸಿಯಲ್ಲಿ ಒಂದು ಪ್ರತಿ ಬೇಕು. ಮುಹೂರ್ತ, ಆರತಕ್ಷತೆ ಬೇರೆ ಬೇರೆ ಫೈಲಾಗಿರಲಿ, ಒಂದೊಂದೂ 4 ಜಿಬಿಯೊಳಗಿರಲಿ." ಕೆಲಸ ಬಲ್ಲವರಿಗೆ ಇದು ಎಡಿಟಿಂಗ್ ಮುಗಿಸಿ ಹೊರತೆಗೆಯುವಾಗ ಆರಿಸುವ ಒಂದು ಸೆಟ್ಟಿಂಗ್. ಪೆನ್‌ಡ್ರೈವ್ ಕೈಗೆ ಬಂದ ದಿನವೇ ಅದರಲ್ಲಿರುವುದನ್ನೆಲ್ಲ ಇನ್ನೊಂದು ಕಡೆಗೂ ಇಳಿಸಿಡಿ.

ಎರಡನೆಯದು ಟಿವಿ ಅಂಗಡಿಯಲ್ಲಿ. ಷೋರೂಮಿನ ಟಿವಿಗಳಲ್ಲಿ ಓಡುವ ಹೂವು, ಜಲಪಾತ, ಗಿಣಿಗಳ ವಿಡಿಯೊ ಆ ಟಿವಿಗೆಂದೇ ಹೇಳಿ ಮಾಡಿಸಿದ್ದು, ಅದನ್ನು ನೋಡಿ ಏನೂ ತಿಳಿಯದು. ನಿಮ್ಮದೇ ಪೆನ್‌ಡ್ರೈವ್ ಒಯ್ಯಿರಿ. ಅದರಲ್ಲಿ ಮನೆಯ ಮದುವೆಯ ಒಂದು ಫೈಲು, ಫೋನಿನಲ್ಲಿ ಉದ್ದಕ್ಕೆ ಹಿಡಿದದ್ದೊಂದು, 4 ಜಿಬಿ ಮೀರಿದ್ದೊಂದು, ಡಿಟಿಎಸ್ ಧ್ವನಿಯದೊಂದು, ಕನ್ನಡ ಸಬ್‌ಟೈಟಲ್ ಇರುವುದೊಂದು ಇರಲಿ. ಜೊತೆಗೆ ಬ್ಲೆಂಡರ್ ಫೌಂಡೇಶನ್ 2008ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ 'ಬಿಗ್ ಬಕ್ ಬನ್ನಿ' ಎಂಬ ಹತ್ತು ನಿಮಿಷದ ಕಾರ್ಟೂನನ್ನೂ ಇಟ್ಟುಕೊಳ್ಳಿ. ಫುಲ್ ಎಚ್‌ಡಿ, 4ಕೆ ಎರಡರಲ್ಲೂ ಅದು ಸಿಗುತ್ತದೆ. ಲೋಕದ ಎಂಜಿನಿಯರುಗಳು ಪರೀಕ್ಷೆಗೆ ಬಳಸುವುದೂ ಅದನ್ನೇ.

"ಎಲ್ಲಾ ಓಡುತ್ತೆ ಸಾರ್" ಎನ್ನುವವರಿಗೆ "ಹಾಗಾದ್ರೆ ಓಡಿಸಿ ತೋರಿಸಿ" ಎನ್ನುವುದು ಅವಮಾನವಲ್ಲ, ವ್ಯಾಪಾರ. ಪ್ಯಾನಲ್ ಎಷ್ಟು ಇಂಚು, ಕಂತು ಎಷ್ಟು ಎಂದು ಕೇಳುವವರು ಹೆಚ್ಚು. ಯಾವ ಕೋಡೆಕ್ ಎಂದು ಕೇಳುವವರು ಕಡಿಮೆ. ಗಿರಾಕಿ ವಿಚಾರಿಸದ ಸೌಲಭ್ಯಕ್ಕೇ ಕಂಪನಿಯ ಕತ್ತರಿ ಮೊದಲು ಬೀಳುವುದು. ಡಿಟಿಎಸ್ ಸದ್ದಿಲ್ಲದೆ ಮಾಯವಾದದ್ದನ್ನು ನೋಡಿದ ಮೇಲಾದರೂ ಕೇಳುವ ರೂಢಿ ಮಾಡಿಕೊಳ್ಳಬೇಕು.